ಹನ್ನೊಂದು ಹೆಸರು, ಮೂರು ಸಾಲು

ಕಂತು: ಒಂಬತ್ತು

"ಒಂದನೇ ನಂಬರು, ಮಿಸ್ಟರ್ ಶೇಖರಪ್ಪ. ಸರಿಯಾಗಿ ಕಣ್ಣು ಬಿಟ್ಟು ನೋಡಿ. ಒಂದನೇ ನಂಬರು!"

ಡಾಕ್ಟರ್ ವಿಶ್ವನಾಥ್ ಮೇಜಿನ ಮೇಲೆ ಪಟ್ಟಿ ಹರಡಿ, ಮೊದಲ ಹೆಸರಿನ ಕೆಳಗೆ ಹಸಿರು ಪೆನ್ನಿನಿಂದ ಗೆರೆ ಎಳೆದ. ಅಲ್ಲಿ ಆಗಲೇ ಇನ್ನೆರಡು ಹಸಿರು ಗೆರೆಗಳಿದ್ದವು. ಬಂದವರಿಗೆಲ್ಲ ಹೀಗೇ ಎಳೆದು ತೋರಿಸುವ ಚಾಳಿ ಇರಬೇಕು.

ದೇಶದಲ್ಲಿ ಲೋಹಶಾಸ್ತ್ರದ ಸಂಶೋಧನೆ ಅಚ್ಚು ಹಾಕುವ ನಲವತ್ತು ಪತ್ರಿಕೆಗಳನ್ನು ಮೇಲಿನಿಂದ ಕೆಳಗೆ ಸಾಲಾಗಿ ನಿಲ್ಲಿಸಿದ ಪಟ್ಟಿ ಅದು. ದಿಲ್ಲಿಯ ಒಂದು ಸಂಸ್ಥೆ ವರ್ಷಕ್ಕೊಮ್ಮೆ ತರುತ್ತಿತ್ತು. ತೊಂಬತ್ತೇಳರ ಪಟ್ಟಿಯಲ್ಲಿ ಎಲ್ಲರ ನೆತ್ತಿಯ ಮೇಲೆ ಕೂತಿದ್ದದ್ದು 'ಡೆಕ್ಕನ್ ಆನಲ್ಸ್'. ಅದರ ಸಂಪಾದಕ ಇದೇ ವಿಶ್ವನಾಥ್. ಎಲೆಕ್ಟ್ರಾನಿಕ್ ಸಿಟಿಯ ಈ ಖಾಸಗಿ ನವಲೋಹ ಸಂಶೋಧನಾ ಕೇಂದ್ರದ ನಿರ್ದೇಶಕನೂ ಇವನೇ. ಜಿಗಣಿಯ ಸ್ಪ್ರಿಂಗ್ ಕಾರ್ಖಾನೆಯಲ್ಲಿ ಕೂಲಿ ಕಾಡಪ್ಪನ ಜೀವ ತೆಗೆದ ಹೊಸ ವಿಧಾನವನ್ನು ಕಂಡುಹಿಡಿದು, ತನ್ನದೇ ಪತ್ರಿಕೆಯಲ್ಲಿ ತಾನೇ ಅಚ್ಚು ಹಾಕಿಕೊಂಡವನೂ ಇವನೇ.

ಸ್ಪ್ರಿಂಗು ಗಟ್ಟಿಯಾಗಲು ಅದನ್ನು ಕರಗಿದ ಉಪ್ಪಿನ ತೊಟ್ಟಿಯಲ್ಲಿ ಅದ್ದುತ್ತಾರೆ. ಮೊದಲೆಲ್ಲ ತೊಳೆದ ಸ್ಪ್ರಿಂಗನ್ನು ಇಪ್ಪತ್ತು ನಿಮಿಷ ಒಣಗಿಸಿ, ಆಮೇಲೆ ಇಳಿಸುತ್ತಿದ್ದರು. ಒಣಗಿಸುವ ಗೋಜೇ ಬೇಡ ಎಂದಿತ್ತು ವಿಶ್ವನಾಥನ ಲೇಖನ. ಕಾರ್ಖಾನೆಯವರು ಅದನ್ನೇ ಚಾರ್ಟು ಮಾಡಿ ಗೋಡೆಗೆ ಅಂಟಿಸಿದರು. ಆಗಸ್ಟಿನಲ್ಲಿ ಒಂದು ದಿನ ಕಾಡಪ್ಪ ಚಾರ್ಟಿನಲ್ಲಿದ್ದಂತೆಯೇ ಒದ್ದೆ ಸ್ಪ್ರಿಂಗಿನ ಬುಟ್ಟಿಯನ್ನು ತೊಟ್ಟಿಗೆ ಇಳಿಸಿದ. ಕುದಿಯುವ ಉಪ್ಪು ಸಿಡಿದು ಮುಖಕ್ಕೆ ಬಡಿಯಿತು. ನಾಲ್ಕು ದಿನ ನರಳಿ ಸತ್ತ.

"ಸೋಮವಾರ ವಿಚಾರಣಾ ಸಮಿತಿ ಕೊನೇ ಸಲ ಕೂತು ವರದಿ ಕೊಡುತ್ತೆ," ಎಂದ ಶೇಖರಪ್ಪ. "ಕರಡು ನಾನು ನೋಡಿದ್ದೀನಿ. ಕಾಡಪ್ಪ ಕುಡಿದಿದ್ದ, ವಿಧಾನ ಸರಿಯಾಗಿದೆ, ಚಾರ್ಟು ಗೋಡೆ ಮೇಲೇ ಇರಲಿ. ಇಷ್ಟೇ ಸಾರಾಂಶ."

"ಮತ್ತಿನ್ನೇನು ಬರೀಬೇಕಿತ್ತು?"

"ಆ ತೊಟ್ಟಿ ಮುಂದೆ ಈಗ ಅವನ ತಮ್ಮ ಯಮನೂರ ನಿಂತಿದ್ದಾನೆ ಡಾಕ್ಟ್ರೇ. ಅದೇ ಚಾರ್ಟು, ಅದೇ ಒದ್ದೆ ಬುಟ್ಟಿ."

ವಿಶ್ವನಾಥ್ ಕುರ್ಚಿಗೆ ಒರಗಿದ. "ಬಾಗಲಕೋಟೆ ಕಡೆಯಿಂದ ಬರೋ ಲೇಬರ್ ಹೇಗಿರ್ತಾರೆ ಅಂತ ನಿಮಗೆ ನಾನು ಹೇಳ್ಬೇಕಾ? ಕುಡೀತಾರೆ, ಮುಖಕ್ಕೆ ಶೀಲ್ಡ್ ಹಾಕ್ಕೊಳಲ್ಲ. ಸೈನ್ಸ್ ಏನ್ರೀ ಮಾಡುತ್ತೆ ಅದಕ್ಕೆ?"

ಇಪ್ಪತ್ತಾರು ವರ್ಷ ಪೊಲೀಸ್ ಕೆಲಸ ಮಾಡಿ, ಮೇಲಿನವರ ಜೊತೆ ಜಗಳವಾಡಿ ರಾಜೀನಾಮೆ ಬಿಸಾಕಿ ಬಂದು, ಈಗ ಖಾಸಗಿ ಪತ್ತೇದಾರಿ ಮಾಡುತ್ತಿದ್ದವನು ಶೇಖರಪ್ಪ. ಕೊಲೆಗಾರರ ಜೊತೆ ಒಂದೇ ಬೆಂಚಿನಲ್ಲಿ ಕೂತು ಚಹಾ ಕುಡಿದಿದ್ದಾನೆ. ಅವರಲ್ಲಿ ಎಷ್ಟೋ ಜನ ಸತ್ತವನ ಹೆಸರು ಬಂದಾಗ ತಲೆ ತಗ್ಗಿಸುತ್ತಿದ್ದರು. ಈ ಮನುಷ್ಯನ ಕತ್ತು ಒಂದಿಂಚೂ ಬಾಗಲಿಲ್ಲ.

"ಈ ವಿಧಾನ ಅಪಾಯ ಅಂತ ನಿಮ್ಮಲ್ಲೇ ಕೆಲಸಕ್ಕಿದ್ದ ನಿವೇದಿತಾ ಜೂನ್ ತಿಂಗಳಲ್ಲೇ ಬರೆದಿದ್ದಳಲ್ಲ? ಕಾಡಪ್ಪ ಸಾಯೋಕೆ ಎರಡು ತಿಂಗಳು ಮುಂಚೆ?"

"ಬರೆದಿದ್ದಾಳೆ. ಎಲ್ಲಿ ಬರೆದಿದ್ದಾಳೆ ಕೇಳಿ." ಹಸಿರು ಪೆನ್ನು ಪಟ್ಟಿಯ ತಳಕ್ಕೆ ಜಾರಿತು. "ಹುಬ್ಬಳ್ಳಿ ಕಡೆಯ ಯಾವುದೋ ಕಾಲೇಜಿನ ತ್ರೈಮಾಸಿಕ. ಮೂವತ್ತೆಂಟನೇ ನಂಬರು! ಕೆಳಗೆ ಇನ್ನಿಬ್ಬರಿದ್ದಾರೆ ಅಷ್ಟೇ. ನನ್ನದು ಒಂದು, ಅವಳದ್ದು ಮೂವತ್ತೆಂಟು. ಯಾರ ಮಾತು ಸತ್ಯ ಅಂತ ಸಮಿತಿಗೆ ಇದಕ್ಕಿಂತ ಏನು ಬೇಕು?"

"ಅವಳು ಮಾಡಿದ ಪ್ರಯೋಗ ನೀವು ಮಾಡಿ ನೋಡಿದ್ರಾ? ಹೋಗಲಿ, ಅವಳ ಲೇಖನ ಓದಿದ್ರಾ?"

"ಯಾಕೆ ಓದ್ಬೇಕು? ಎಲ್ಲಾ ಓದ್ತಾ ಕೂರೋಕೆ ಆಗಲ್ಲ ಅಂತಾನೇ ಪಟ್ಟಿ ಇರೋದು."

ಥೂ ನಿನ್ನ, ಎಂದುಕೊಂಡ ಶೇಖರಪ್ಪ. ಎದ್ದು, ಗೋಡೆಯ ಕಪಾಟಿನಲ್ಲಿದ್ದ ಡೆಕ್ಕನ್ ಆನಲ್ಸ್ ಸಂಚಿಕೆಗಳ ಮುಂದೆ ನಿಂತ. ತೊಂಬತ್ತಾರರ ಜನವರಿ ಸಂಚಿಕೆ ಎಳೆದು ವಿಶ್ವನಾಥನ ಲೇಖನ ತೆರೆದ. ನಾಲ್ಕು ಪುಟ. ಕೊನೆಯ ಪುಟದಲ್ಲಿ ಇರುವೆ ಮೊಟ್ಟೆಯಂಥ ಅಕ್ಷರದಲ್ಲಿ ಬೇರೆ ಲೇಖನಗಳ ಹೆಸರು. ಯಾವ ಯಾವ ಹಳೆಯ ಲೇಖನದ ಆಧಾರದ ಮೇಲೆ ಇದನ್ನು ಬರೆದಿದೆ ಎಂದು ಹೇಳುವ ಪಟ್ಟಿ. ಒಟ್ಟು ಇಪ್ಪತ್ತನಾಲ್ಕು.

ಲೋಹಶಾಸ್ತ್ರ ಅವನಿಗೆ ತಿಳಿಯದು. ಆದರೆ ಚಾರ್ಜ್‌ಶೀಟು ತಿಳಿಯುತ್ತದೆ. ಕೇಸು ದಪ್ಪವಾಗಿ ಕಾಣಲಿ ಎಂದು ಕೊನೆಯಲ್ಲಿ ಹತ್ತು ಜನ ಸಾಕ್ಷಿಗಳ ಹೆಸರು ತುರುಕುವ ಇನ್‌ಸ್ಪೆಕ್ಟರುಗಳನ್ನು ಅವನು ಎಷ್ಟೋ ನೋಡಿದ್ದ. ಅಂಥ ಸಾಕ್ಷಿ ಕೇಸಿನ ಒಳಗೆ ಎಲ್ಲೂ ಬಾಯಿ ಬಿಡುವುದಿಲ್ಲ, ಪಟ್ಟಿಯಲ್ಲಿ ಮಾತ್ರ ಇರುತ್ತಾನೆ. ಶೇಖರಪ್ಪ ಬೆರಳಿಟ್ಟುಕೊಂಡು ಲೇಖನದ ಒಳಗೆ ಆ ಪಟ್ಟಿಯ ಹೆಸರುಗಳನ್ನು ಸೂಚಿಸುವ ಪುಟ್ಟ ಅಂಕಿಗಳನ್ನು ಹುಡುಕಿದ. ಒಂದು, ಎರಡು, ಮೂರು... ಹದಿಮೂರು. ಅಲ್ಲಿಗೆ ಮುಗಿಯಿತು.

"ಡಾಕ್ಟ್ರೇ, ಹದಿನಾಲ್ಕರಿಂದ ಇಪ್ಪತ್ತನಾಲ್ಕು, ಹನ್ನೊಂದು ಹೆಸರು ಲೇಖನದೊಳಗೆ ಎಲ್ಲೂ ಬರೋದೇ ಇಲ್ವಲ್ಲ? ಆ ಹನ್ನೊಂದೂ ನಿಮ್ಮ ಪತ್ರಿಕೆಯವೇ. ತೊಂಬತ್ತನಾಲ್ಕು, ತೊಂಬತ್ತೈದನೇ ಇಸವಿಯವು."

ಮೊದಲ ಸಲ ವಿಶ್ವನಾಥನ ಹಸಿರು ಪೆನ್ನು ಜೇಬಿಗೆ ಹೋಯಿತು.

"ಪ್ರೆಸ್ಸಿನವರ ತಪ್ಪು. ಪೀಣ್ಯದಲ್ಲಿ ಅಚ್ಚಾಗುತ್ತೆ. ಓದು ಬರಹ ಇಲ್ಲದ ಜನ, ಏನೋ ಎಲ್ಲಿಂದಲೋ ತಂದು ಸೇರಿಸಿರ್ತಾರೆ."

"ಓದು ಬರಹ ಇಲ್ಲದವರು ಹನ್ನೊಂದೂ ನಿಮ್ಮ ಪತ್ರಿಕೆಯದ್ದೇ ಹುಡುಕಿ ಸೇರಿಸಿದ್ರಾ? ಭಲೇ!"

"ಮಿಸ್ಟರ್ ಶೇಖರಪ್ಪ, ನನಗೆ ಮೀಟಿಂಗ್ ಇದೆ."

"ನನಗೂ ಪೀಣ್ಯದಲ್ಲಿ ಕೆಲಸ ಇದೆ," ಎಂದು ಶೇಖರಪ್ಪ ಬಾಗಿಲು ತೆರೆದ.

ಹೊರಗೆ ಸೋಫಾ ಇತ್ತು. ರುಕ್ಮವ್ವ ಅದರ ಮೇಲೆ ಕೂತಿರಲಿಲ್ಲ. ಗೋಡೆಯ ಬುಡದಲ್ಲಿ ಯಾರೋ ಹಳೆಯ ಪೇಪರು ಹಾಸಿ ಕೂರಿಸಿದ್ದರು. ಕಾಡಪ್ಪನ ಹೆಂಡತಿ, ಬಾಗಲಕೋಟೆ ಕಡೆಯ ಹಳ್ಳಿಯವಳು. ಕುಡಿದು ಸತ್ತ ಎಂಬ ಮಾತು ಗಂಡನ ಮೇಲಿಂದ ಹೋಗಬೇಕು, ಮೈದುನ ಆ ತೊಟ್ಟಿಯಿಂದ ಜೀವಂತ ಮನೆಗೆ ಬರಬೇಕು, ಇಷ್ಟಕ್ಕೇ ಅವಳು ಶೇಖರಪ್ಪನ ಕದ ತಟ್ಟಿದ್ದಳು. ಅವಳು ಎದ್ದ ಕೂಡಲೇ ಅಟೆಂಡರ್ ಆ ಪೇಪರನ್ನು ತುದಿಬೆರಳಲ್ಲಿ ಎತ್ತಿ ಕಸದ ಬುಟ್ಟಿಗೆ ಹಾಕಿ, ಗಾಳಿಗೆ ಸೆಂಟು ಹೊಡೆದ.

"ಏನಂದಾನ್ರೀ ಅಂವಾ?"

"ಅದೇ ಹಳೇ ಮಾತಮ್ಮ. ಕುಡಿದಿದ್ದ ಅಂತ."

"ಚಾ ಸುದ್ದಾ ಒಂದ ಕಪ್ಪಿನ ಮ್ಯಾಲೆ ಮುಟ್ಟತಿದ್ದಿಲ್ಲರೀ ನನ್ನ ಗಂಡ." ಅವಳು ಅಷ್ಟು ಹೇಳಿ ಸೆರಗು ಕಟ್ಟಿಕೊಂಡು ನಡೆದಳು. ಅಳಲಿಲ್ಲ. ಅಳು ಯಾವತ್ತೋ ಮುಗಿದಿತ್ತು.

ನಿವೇದಿತಾ ಗೇಟಿನಾಚೆ ಶೇಖರಪ್ಪನ ಹಳೆಯ ಫಿಯೆಟ್ಟಿನಲ್ಲಿ ಕಾಯುತ್ತಿದ್ದಳು. ಹೋದ ವರ್ಷದವರೆಗೂ ಇದೇ ಕೇಂದ್ರದಲ್ಲಿದ್ದವಳು. ಈಗ ಒಳಗೆ ಬಿಡುತ್ತಿರಲಿಲ್ಲ. ಇಪ್ಪತ್ತೊಂಬತ್ತರ ಹುಡುಗಿ, ಕಣ್ಣಿನ ಕೆಳಗೆ ಕಪ್ಪು. ವಿಶ್ವನಾಥನ ವಿರುದ್ಧ ಬಾಯಿ ಬಿಡುವ ಧೈರ್ಯ ಮಾಡಿದ ಒಂದೇ ಒಂದು ಜೀವ ಅದು. ಸೋಮವಾರ ಸಮಿತಿಯ ಮುಂದೆ ನಿಲ್ಲುವ ಸಾಕ್ಷಿಯೂ ಅವಳೊಬ್ಬಳೇ.

ಹೊಸೂರು ರಸ್ತೆಯಲ್ಲಿ ಗಾಡಿ ಆಮೆಯಂತೆ ತೆವಳಿತು. ನಾಳೆ ಆಯುಧಪೂಜೆ. ಲಾರಿಗಳೆಲ್ಲ ಆಗಲೇ ಬಾಳೆಕಂಬ ಕಟ್ಟಿಕೊಂಡಿದ್ದವು. ರಸ್ತೆಬದಿಯಲ್ಲಿ ಬೂದುಗುಂಬಳದ ರಾಶಿ.

"ಈ ಒಂದನೇ ನಂಬರು ಹೇಗಮ್ಮ ಹುಟ್ಟುತ್ತೆ? ನನ್ನಂಥ ದಡ್ಡನಿಗೆ ತಿಳಿಯೋ ಹಾಗೆ ಹೇಳು."

ನಿವೇದಿತಾ ಸೀಟಿನ ಮೇಲಿದ್ದ ಪೇಪರಿನ ಅಂಚಿನಲ್ಲಿ ನೀಲಿ ಪೆನ್ನಿನಿಂದ ಬರೆದಳು. "ತೊಂಬತ್ತಾರರಲ್ಲಿ ಎಲ್ಲೆಲ್ಲಿ ಏನೇನು ಅಚ್ಚಾಯ್ತೋ ಅದರಲ್ಲಿ, ಹಿಂದಿನ ಎರಡು ವರ್ಷದ ಡೆಕ್ಕನ್ ಆನಲ್ಸ್ ಲೇಖನಗಳ ಹೆಸರು ಎಷ್ಟು ಸಲ ಬಂದಿದೆ ಅಂತ ಎಣಿಸ್ತಾರೆ ಸಾರ್. ನೂರ ಎಪ್ಪತ್ತೇಳು. ಆ ಎರಡು ವರ್ಷದಲ್ಲಿ ಅದು ಹಾಕಿದ್ದು ಎಪ್ಪತ್ತೆರಡು ಲೇಖನ. ಭಾಗಿಸಿದ್ರೆ ಎರಡೂವರೆಗೆ ಚೂರು ಕಮ್ಮಿ. ಅದೇ ನಂಬರು."

ಅವಳು ಏಳನ್ನು ಬರೆಯುವಾಗ ನಡುವೆ ಅಡ್ಡ ಗೀಟು ಹಾಕುತ್ತಿದ್ದಳು.

"ಯಾರು ಹೆಸರೆತ್ತಿದ್ರು ಅಂತ ನೋಡಲ್ವಾ?"

"ಇಲ್ಲ. ತನ್ನ ಹೆಸರು ತಾನೇ ಎತ್ತಿದ್ರೂ ಎಣಿಕೆಗೆ ಬರುತ್ತೆ."

"ಉಗಿದು ಹೆಸರೆತ್ತಿದ್ರೆ?"

"ಅದೂ ಬರುತ್ತೆ." ಅವಳು ನಕ್ಕಳು, ಕಣ್ಣು ನಗಲಿಲ್ಲ. "ವಿಶ್ವನಾಥ್ ಸರ್ ಲೇಖನ ತಪ್ಪು ಅಂತ ಬರೆಯೋಕೆ ನಾನು ಅದರ ಹೆಸರು ಹೇಳಲೇಬೇಕಿತ್ತಲ್ಲ? ಮುಂದಿನ ಪಟ್ಟಿಲಿ ಅವರಿಗೆ ನನ್ನದೂ ಒಂದು ಓಟು."

"ಥೂ! ಇದೆಂಥ ಅಸಹ್ಯನಮ್ಮ!"

"ಇನ್ನೂ ಇದೆ ಸಾರ್. ಎಪ್ಪತ್ತೆರಡರಲ್ಲಿ ನಲವತ್ತು ಲೇಖನಗಳ ಹೆಸರು ಯಾರೂ ಒಂದು ಸಲಾನೂ ಎತ್ತಿಲ್ಲ. ಐದಾರು ಒಳ್ಳೇ ಲೇಖನಗಳೇ ಎಲ್ಲಾ ಹೊತ್ತಿರೋದು. ಆದ್ರೆ ಒಂದನೇ ನಂಬರು ಮಾತ್ರ ಎಪ್ಪತ್ತೆರಡಕ್ಕೂ ಅಂಟಿಕೊಳ್ಳುತ್ತೆ."

"ಅಂದ್ರೆ ಹೋಟೆಲಿಗೆ ಒಳ್ಳೇ ಹೆಸರಿದೆ ಅಂತ ಇವತ್ತಿನ ಸಾಂಬಾರು ಮೂಸಿ ನೋಡದೆ ಬಡಿಸಿದ ಹಾಗೆ."

"ಹೂಂ. ಯಾವ ಪತ್ರಿಕೆ ತರಿಸಬೇಕು ಅಂತ ಲೈಬ್ರರಿಗಳಿಗೆ ತಿಳೀಲಿ ಅಂತ ಶುರು ಮಾಡಿದ ಪಟ್ಟಿ ಅದು. ಒಂದು ಲೇಖನ ಸರೀನಾ ತಪ್ಪಾ ಅಂತ ಅಳೆಯೋಕೆ ಇದನ್ನ ಬಳಸಬೇಡಿ ಅಂತ ಅವರೇ ಮೊದಲ ಪುಟದಲ್ಲಿ ಬರೆದಿದ್ದಾರೆ. ಯಾರೂ ಓದಲ್ಲ ಅಷ್ಟೇ."

ಹಿಂದಿನ ಸೀಟಿನಿಂದ ರುಕ್ಮವ್ವ ಕೇಳಿದಳು: "ಅಕ್ಕಾರ, ಆ ಎಣಿಸೋರೊಳಗ ಯಾರರ ಒಬ್ಬರು ತೊಟ್ಟಿ ಹಂತ್ಯಾಕ ಬಂದ ನೋಡ್ಯಾರೇನ್ರಿ?"

ನಿವೇದಿತಾ ಪೆನ್ನು ಮುಚ್ಚಿ, ಪೇಪರು ಮಡಚಿಟ್ಟಳು.

ಸ್ವಲ್ಪ ಹೊತ್ತಿನ ಮೇಲೆ ಶೇಖರಪ್ಪ ಕೇಳಿದ: "ಒಂದು ಮಾತು ನಿವೇದಿತಾ. ವಿಶ್ವನಾಥನ ಲೇಖನ ನೂರಾರು ಜನ ಓದಿದ್ದಾರೆ. ಸುರುಳಿ ಸುತ್ತಿದ ಸ್ಪ್ರಿಂಗನ್ನ ಒದ್ದೆ ಅದ್ದಿದ್ರೆ ಏನಾಗುತ್ತೆ ಅಂತ ನೋಡೋಣ ಅಂತ ನಿನಗೊಬ್ಬಳಿಗೇ ಹೇಗೆ ಹೊಳೀತು?"

"ಸುಮ್ನೆ... ಹೊಳೀತು ಸಾರ್." ಅವಳು ಕಿಟಕಿಯ ಕಡೆ ತಿರುಗಿದಳು. "ಪೀಣ್ಯಕ್ಕೆ ಹೋಗಿ ಏನೂ ಸಿಗಲ್ಲ. ಎರಡು ವರ್ಷದ ಹಿಂದಿನ ಕಾಗದ ಯಾವತ್ತೋ ರದ್ದಿಗೆ ಹೋಗಿರುತ್ತೆ. ವಾಪಸ್ ಹೋಗೋಣ."

"ಆ ಪ್ರೆಸ್ಸು ನಿನಗೆ ಗೊತ್ತಾ?"

"ಒಂದೆರಡು ಸಲ ಹೋಗಿದ್ದೆ, ಅಷ್ಟೇ."

ತ್ರಿಪುರಾಂತಕ ಪ್ರಿಂಟರ್ಸ್ ಇದ್ದದ್ದು ಪೀಣ್ಯದ ಎರಡನೇ ಹಂತದಲ್ಲಿ, ಲೇತ್ ಶೆಡ್ಡುಗಳ ಸಾಲಿನ ಕೊನೆಗೆ. ಇವರು ಮುಟ್ಟಿದಾಗ ಮೂರು ಗಂಟೆ. ಒಳಗೆ ಮೆಷಿನ್ನುಗಳನ್ನು ಸೀಮೆಎಣ್ಣೆ ಹಾಕಿ ಉಜ್ಜಿ ತೊಳೆಯುತ್ತಿದ್ದರು. ಬಾಗಿಲಲ್ಲಿ ರದ್ದಿ ಸಾಗಿಸುವ ಟೆಂಪೋ ನಿಂತಿತ್ತು. ಗೋಣಿಚೀಲಗಳು ಒಂದೊಂದಾಗಿ ಅದರೊಳಗೆ ಬೀಳುತ್ತಿದ್ದವು.

"ನಿಲ್ಲಿಸ್ರೋ!" ಶೇಖರಪ್ಪನ ಹಳೆಯ ಪೊಲೀಸ್ ಗಂಟಲು ಶೆಡ್ಡಿನ ತುಂಬ ಕೇಳಿಸಿತು.

ಒರೆಸುವ ಬಟ್ಟೆಯಲ್ಲಿ ಕೈ ತಿಕ್ಕಿಕೊಳ್ಳುತ್ತ ಫೋರ್‌ಮನ್ ನರಸಿಂಹಯ್ಯ ಬಂದ. ಮಾದನಾಯಕನಹಳ್ಳಿಯವನು, ಮೂವತ್ತು ವರ್ಷದ ಮಸಿ ಉಗುರಲ್ಲಿತ್ತು. ಶೇಖರಪ್ಪನ ಹಿಂದಿದ್ದವಳನ್ನು ಕಂಡು ಅವನ ಮುಖ ಅರಳಿತು.

"ಓಹೋ, ಮೇಡಮ್ಮೋರು! ಈ ಕಡೆ ತಲೆ ಆಕಿ ಎಷ್ಟ್ ದಿನ ಆಯ್ತು! ಮುಂಚೆ ತಿಂಗಳಿಗೆ ನಾಕ್ ಸಲ ಬರೋರು."

ನಿವೇದಿತಾ ತಲೆಯಾಡಿಸಿ, ಸೀಮೆಎಣ್ಣೆ ವಾಸನೆ ಆಗದು ಎಂದು ಬಾಗಿಲ ಬಳಿಯೇ ಉಳಿದಳು.

ಶೇಖರಪ್ಪ ವಿಷಯ ಹೇಳಿದ. ಹನ್ನೊಂದು ಹೆಸರು ಪ್ರೆಸ್ಸಿನವರೇ ಸೇರಿಸಿದ್ದು ಎಂದು ಡಾಕ್ಟರ್ ಹೇಳಿದ ಎಂಬುದನ್ನೂ ಬಿಡದೆ ಹೇಳಿದ. ನರಸಿಂಹಯ್ಯನ ಕಿವಿ ಕೆಂಪಾಯಿತು.

"ನಾವ್ ಸೇರಿಸಿದ್ವಾ? ಒಂದ್ ಚುಕ್ಕೆ ಆಕೋಕೂ ಅಕ್ಕಿಲ್ಲ ಸಾ ನಮಗೆ! ಕೊನೇ ಪ್ರೂಫಿನ ಮ್ಯಾಲೆ ಪತ್ರಿಕೆಯೋರೇ ಪ್ರಿಂಟ್ ಆರ್ಡರ್ ಅಂತ ಬರೆದು, ಪೂರಾ ಎಸ್ರು ಸೈನು ಆಕಿ, ತಾರೀಕು ಆಕಿದ್ ಮ್ಯಾಲೇನೇ ಮೆಷಿನ್ನಿಗೆ ಕೂರ್ಸೋದು. ಇಂದೆ ಒಂದ್ಸಲ ಒಬ್ಬ ಗಿರಾಕಿ ತಪ್ಪು ನಂದಲ್ಲ ನಿಂದು ಅಂತ ನಮ್ ಯಜಮಾನ್ರ ಕೊಳಪಟ್ಟಿ ಇಡಿದಿದ್ದ. ಅವತ್ತಿಂದ ಸೈನ್ ಆದ ಪ್ರೂಫ್ ಒಂದೂ ಎಸೆಯಾಕಿಲ್ಲ. ಅಚ್ಚಾದ್ ಮ್ಯಾಲೆ ಬರೋ ಎರಡನೇ ಆಯುಧಪೂಜೆಗೇ ಅದು ಒರಗೆ ಓಗೋದು."

"ತೊಂಬತ್ತಾರರ ಜನವರಿದು?"

ನರಸಿಂಹಯ್ಯ ಬೆರಳು ಮಡಚಿ ಎಣಿಸಿ, ಟೆಂಪೋ ಕಡೆ ಕೈ ತೋರಿಸಿದ. "ಅದ್ರಾಗೇ ಅವೆ ಸಾ. ಇನ್ ಅರ್ಧ ಗಂಟೆ ತಡ ಮಾಡಿದ್ರೆ ಓಗೇಬಿಡ್ತಿದ್ವು."

ಏಳು ಚೀಲ ಕೆಳಗಿಳಿಸಿದರು. ಗಂಟು ಬಿಚ್ಚಲು ಬ್ಲೇಡು ಹುಡುಕುವಷ್ಟರಲ್ಲಿ ರುಕ್ಮವ್ವ ನೆಲಕ್ಕೆ ಕೂತು, ಹಲ್ಲಿನಿಂದ ಎಳೆದು ಎರಡು ಚೀಲ ಬಿಚ್ಚಿಯಾಗಿತ್ತು. ಮದುವೆ ಪತ್ರಿಕೆ, ಔಷಧಿ ಲೇಬಲ್ಲು, ಯಾವುದೋ ಕಾಲೇಜಿನ ಪ್ರಶ್ನೆಪತ್ರಿಕೆ. ಹೆಗ್ಗಣದ ಹಿಕ್ಕೆ, ಜಿರಲೆ. ಆ ಕೊಳಕಿನಲ್ಲಿ ಕೈ ಹಾಕುವಾಗ ಶೇಖರಪ್ಪನಿಗೆ ಬೆಳಿಗ್ಗೆ ಆ ತಂಪು ಕೋಣೆಯಲ್ಲಿ ಆದಷ್ಟು ಹೇಸಿಗೆ ಆಗಲಿಲ್ಲ.

ಐದನೇ ಚೀಲದಲ್ಲಿ ಡೆಕ್ಕನ್ ಆನಲ್ಸ್ ಸಿಕ್ಕಿತು. ಅದರ ನಡುವೆ ವಿಶ್ವನಾಥನ ಲೇಖನದ ಕೊನೆಯ ಪುಟ.

ಹದಿಮೂರು ಹೆಸರು ಅಚ್ಚಿನಲ್ಲಿದ್ದವು. ಅದರ ಕೆಳಗೆ, ಅಂಚಿನವರೆಗೂ ಒತ್ತಿ ಒತ್ತಿ ಹಸಿರು ಶಾಯಿಯಲ್ಲಿ ಬರೆದ ಹನ್ನೊಂದು ಹೆಸರು!

"ಸಿಕ್ಕಿದ ಬದ್ಮಾಶ್!" ಶೇಖರಪ್ಪ ತೊಡೆ ತಟ್ಟಿದ. ಪ್ರೆಸ್ಸಿನವರ ತಪ್ಪಂತೆ! ಆ ಹಸಿರು ಶಾಯಿಯನ್ನು ಇನ್ನು ಯಾವ ನಾಲಿಗೆಯಿಂದ ನೆಕ್ಕಿ ಅಳಿಸುತ್ತಾನೋ ನೋಡೋಣ.

ನರಸಿಂಹಯ್ಯ ಹೆಗಲ ಮೇಲಿಂದ ಬಗ್ಗಿ ನೋಡಿದ. "ಆಂ, ಇದು ಗ್ಯಾಪ್ಕ ಐತೆ ಸಾ. ಮೆಷಿನ್ ರೆಡಿ ಮಾಡ್ಕಂಡು ಕಾಯ್ತಾ ಕುಂತಿದ್ವಿ, ಅವಾಗ ಬಂತು ಈ ಅನ್ನೊಂದು. ಪತ್ರಿಕೆ ಅರವತ್ನಾಕ್ ಪುಟಕ್ಕೆ ಭರ್ತಿ ಆಗೋಗಿತ್ತು. ಒಂದ್ ಪುಟ ಜಾಸ್ತಿ ಅಂದ್ರೂ ಇನ್ನೊಂದು ಫಾರಂ, ಅಂದ್ರೆ ಇಡೀ ಎಂಟ್ ಪುಟದ ಆಳೆ ಓಡಿಸ್ಬೇಕು. ಅಕ್ಸರ ಸಣ್ಣ ಮಾಡಿ, ಒತ್ತಿ ಕೂರ್ಸಿದ್ವಿ. ಅಂಗೂ ಮೂರು ಸಾಲು ಎಚ್ಚಾಗೇ ಉಳೀತು. ಎಲ್ಲಿಂದಾನ ಮೂರು ಸಾಲು ತೆಗೆದ್ಕೊಡಿ ಅಂದ್ವಿ. ತೆಗೆದ್ಕೊಟ್ರು."

"ಯಾವ ಮೂರು ಸಾಲು?"

ನರಸಿಂಹಯ್ಯನ ಮಸಿ ಬೆರಳು ಪುಟದ ಮೇಲ್ಗಡೆಗೆ ಹೋಯಿತು. ಲೇಖನದ ಕಟ್ಟಕಡೆಯ ಮೂರು ಸಾಲಿನ ಮೇಲೆ ಉದ್ದಕ್ಕೆ ಗೆರೆ ಎಳೆದಿತ್ತು. ನೀಲಿ ಶಾಯಿಯ ಗೆರೆ. ಶೇಖರಪ್ಪ ಆ ಇಂಗ್ಲಿಷನ್ನು ನಿಧಾನವಾಗಿ ಓದಿಕೊಂಡ.

ಈ ವಿಧಾನ ನಾಲ್ಕು ಮಿಲಿಮೀಟರಿಗಿಂತ ತೆಳುವಾದ ನೇರ ತಂತಿಗೆ ಮಾತ್ರ. ಸುರುಳಿ ಸುತ್ತಿದ ಸ್ಪ್ರಿಂಗುಗಳನ್ನು ಇಳಿಸುವ ಮೊದಲು ಪೂರ್ತಿ ಒಣಗಿಸಲೇಬೇಕು. ಸುರುಳಿಗಳ ನಡುವೆ ನೀರು ಉಳಿದರೆ ಉಪ್ಪು ಸಿಡಿಯುತ್ತದೆ.

ಅವನು ಮತ್ತೊಮ್ಮೆ ಓದಿದ. ಇದು ಗೊತ್ತಿಲ್ಲದೆ ಆದ ಸಾವಲ್ಲ. ಗೊತ್ತಿತ್ತು. ಬರೆದೂ ಇಟ್ಟಿದ್ದರು. ಒಂದನೇ ನಂಬರಿಗೆ ಹನ್ನೊಂದು ಹೆಸರು ಬೇಕಾಗಿ, ಪುಟದಲ್ಲಿ ಜಾಗ ಸಾಲದೆ, ಕಾಡಪ್ಪನನ್ನು ಉಳಿಸಬಹುದಾಗಿದ್ದ ಮೂರು ಸಾಲನ್ನು ಹೊಡೆದು ಹಾಕಿದ್ದರು. ಥೂ ಇವರ ಜನ್ಮಕ್ಕೆ! ಆಮೇಲೆ ಅದೇ ನಂಬರು ತೋರಿಸಿ, ಸತ್ತವನನ್ನು ಕುಡುಕ ಎಂದರು.

ಆದರೆ ವಿಶ್ವನಾಥನದು ಹಸಿರು ಶಾಯಿ. ಈ ಗೆರೆ ನೀಲಿ.

ಶೇಖರಪ್ಪ ಹಾಳೆಯನ್ನು ತಿರುಗಿಸಿದ. ಹಿಂದೆ ಪ್ರಿಂಟ್ ಆರ್ಡರ್ ಎಂದು ಬರೆದು, ಕೆಳಗೆ ತಾರೀಕು: ಇಪ್ಪತ್ತೇಳು, ಹನ್ನೆರಡು, ತೊಂಬತ್ತೈದು. ಏಳರ ನಡುವೆ ಒಂದು ಅಡ್ಡ ಗೀಟು.

ತಾರೀಕಿನ ಕೆಳಗೆ ಪ್ರೆಸ್ಸಿನ ನಿಯಮದಂತೆ ಪೂರಾ ಹೆಸರು, ದುಂಡಗೆ, ಅರ್ಥವಾಗುವ ಹಾಗೆ.

ನಿವೇದಿತಾ.

ಅವನು ತಲೆ ಎತ್ತಿದ. ಅವಳು ಬಾಗಿಲು ಬಿಟ್ಟು ಒಳಗೆ ಬಂದಿದ್ದಳು. ಯಾವಾಗ ಬಂದಳೋ, ಎರಡು ಮಾರು ದೂರದಲ್ಲಿ ನಿಂತಿದ್ದಳು.

"ಆಗ ಪ್ರೂಫ್ ನೋಡೋ ಕೆಲಸ ನನ್ನದು. ಪ್ರೆಸ್ಸಿನವರು ಅರ್ಜೆಂಟ್ ಮಾಡ್ತಿದ್ರು ಸಾರ್," ಎಂದಳು ಪಿಸುಮಾತಿನಲ್ಲಿ. "ಸರ್ ಫೋನಲ್ಲಿ, ಮೂರು ಸಾಲು ಎಲ್ಲಿಂದಾದ್ರೂ ತೆಗಿ ಅಂದ್ರು. ಎಲ್ಲಿಂದ ಅಂತ ಹೇಳಲಿಲ್ಲ. ಕೊನೇ ಸಾಲು ಹೇಗೂ ಯಾರೂ ಓದಲ್ಲ ಅಂತ ನಾನು... ಆಮೇಲೆ ನಿದ್ದೆ ಬರಲಿಲ್ಲ. ಅದಕ್ಕೇ ಆ ಪ್ರಯೋಗ ಮಾಡಿದ್ದು. ಅದಕ್ಕೇ ಬರೆದಿದ್ದು."

ಬರೆದಳು ನಿಜ. 'ಆ ಸಾಲು ತೆಗೆದವಳು ನಾನೇ' ಎಂದು ಮಾತ್ರ ಬರೆಯಲಿಲ್ಲ. ಅದೊಂದು ಮಾತು ಜೂನ್ ತಿಂಗಳಲ್ಲಿ ಬಂದಿದ್ದರೆ, ಯಾವ ನಂಬರಿನ ಪತ್ರಿಕೆಯಾದರೂ ಕಾರ್ಖಾನೆಯವರು ಓದುತ್ತಿದ್ದರು. ಶೇಖರಪ್ಪನಿಗೆ ಅವಳ ಮೇಲೆ ಅಸಹ್ಯ ಉಕ್ಕಿತು. ಎರಡು ತಿಂಗಳಿಂದ ಅವಳನ್ನು ಮಗಳಂತೆ ನಂಬಿದ ತನ್ನ ಮೇಲೂ ಉಕ್ಕಿತು.

ಈ ಹಾಳೆ ಸಮಿತಿಯ ಮುಂದೆ ಹೋದರೆ ಕಾಡಪ್ಪನ ಹೆಸರು ಉಳಿಯುತ್ತದೆ, ಚಾರ್ಟು ಗೋಡೆಯಿಂದ ಇಳಿಯುತ್ತದೆ. ಹಾಗೆಯೇ ಮೂರು ಸಾಲಿನ ಪಾಪವೆಲ್ಲ ನೀಲಿ ಶಾಯಿಯವಳ ತಲೆಗೆ ಬಂದು, ಹಸಿರು ಶಾಯಿಯವನು ಕೈ ತೊಳೆದುಕೊಂಡು ಎದ್ದು ಹೋಗುತ್ತಾನೆ. ಸಾಲು ತೆಗೆ ಎಂದದ್ದು ಫೋನಿನಲ್ಲಿ. ಅದಕ್ಕೆ ಯಾರ ಸಹಿ ಇದೆ?

"ಸಾರ್," ನಿವೇದಿತಾ ಕೈ ಚಾಚಿದಳು. "ಆ ಹಾಳೆ ನನಗೆ ಕೊಟ್ಬಿಡಿ."

ಹೊರಗೆ ಟೆಂಪೋದವನು ಹಾರನ್ ಹೊಡೆದ.

ರುಕ್ಮವ್ವ ಸೆರಗಿನಿಂದ ಮುಖದ ಧೂಳು ಒರೆಸಿಕೊಂಡು ಎದ್ದಳು. ಇಬ್ಬರ ಮುಖವನ್ನೂ ನೋಡಿದಳು. ಹತ್ತಿರ ಬಂದು, ಓದಲು ಬಾರದ ಆ ದುಂಡು ಅಕ್ಷರಗಳ ಮೇಲೆ ಬೆರಳಿಟ್ಟಳು.

"ಇದು ಯಾರ ಸಹಿ ಐತ್ರೀ, ಸಾಹೇಬ್ರ?"